ಔಟ್‌ಗೋಯಿಂಗ್ ಸೊನ್ನೆ

ನನ್ನ ಫೋನು ನೋಡಿದವರು ಮೊದಲು ನಗುತ್ತಾರೆ, ಆಮೇಲೆ ಬುದ್ಧಿ ಹೇಳುತ್ತಾರೆ. ಒತ್ತುವ ಗುಂಡಿಗಳಿರುವ, ತಲೆಯ ಕಡೆ ಟಾರ್ಚ್ ಇರುವ, ಅಂಗೈಯೊಳಗೆ ಮುಚ್ಚಿಹೋಗುವಷ್ಟು ಪುಟ್ಟ ಫೋನದು. ಒಮ್ಮೆ ಚಾರ್ಜಿಗೆ ಹಾಕಿದರೆ ವಾರವಿಡೀ ತನ್ನ ಪಾಡಿಗೆ ತಾನಿರುತ್ತದೆ. ಕೈಜಾರಿ ಬಿದ್ದರೂ ಒಡೆಯುವುದಿಲ್ಲ. ಲೋಕಲ್ ರೈಲಿನಲ್ಲಿ ಕಳ್ಳ ಕೂಡ ಅದನ್ನು ಮುಟ್ಟುವುದಿಲ್ಲ. ಇಂಥ ಗುಣವಂತ ವಸ್ತುವನ್ನು ಬಿಟ್ಟು ಬೇರೆ ತಗೊಳ್ಳಿ ಎನ್ನುವವರಿಗೆ ನಾನು ಎದುರಾಡುವುದಿಲ್ಲ, ಕಾಫಿ ಕೊಟ್ಟು ಕಳಿಸುತ್ತೇನೆ.

ಆದರೆ ಫೋನು ಇದ್ದರೆ ಸಾಲದು, ಅದಕ್ಕೆ ರೀಚಾರ್ಜ್ ಮಾಡಿಸಬೇಕು. ಹಿಂದೆ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಒಂದಿಷ್ಟು ದುಡ್ಡು ಹಾಕಿಸಿ ಬಂದರೆ ಅದು ಕರಗುವ ತನಕ ನಮ್ಮನ್ನು ಕೇಳುವವರಿರಲಿಲ್ಲ. ಈಗ ಮಾತಾಡಿ, ಬಿಡಿ, ಗಡುವಿನ ದಿನ ಮುಗಿದರೆ ಮುಗಿಯಿತು, ಮತ್ತೆ ಹಾಕಿಸಿ. ಅದೂ ಎಂಥೆಂಥ ಪ್ಲಾನುಗಳು! ದಿನಕ್ಕೆ ಇಷ್ಟು ಜಿಬಿ, ಎಷ್ಟು ಬೇಕಾದರೂ ಮಾತು, ಮೇಲೆ ಸಿನಿಮಾ ಉಚಿತ. ನನ್ನ ಫೋನಿನ ಪರದೆ ಬೆಂಕಿಪೊಟ್ಟಣದಷ್ಟಿದೆ, ಅದರಲ್ಲಿ ಸಿನಿಮಾ ನೋಡಲು ಇರುವೆ ಆಗಿ ಹುಟ್ಟಬೇಕು. ಎರಡು ಚಪಾತಿಗೆ ಹೊಟ್ಟೆ ತುಂಬುವವಳನ್ನು ಕೈಹಿಡಿದು ಅನ್‌ಲಿಮಿಟೆಡ್ ಥಾಲಿಗೆ ಕೂರಿಸುತ್ತಾರೆ. ಒಂದು ಪ್ಲೇಟ್ ಇಡ್ಲಿ ಸಾಕು ಎಂದರೆ ಅದೀಗ ಮಾಡುವುದಿಲ್ಲ ಎನ್ನುತ್ತಾರೆ.

ನಾನು ಹಳೆ ಮೈಸೂರು ಕಡೆಯವಳು. ಮದುವೆಯಾಗಿ ಮುಂಬಯಿಯ ಭಾಂಡುಪ್‌ಗೆ ಬಂದೆ. ನಮ್ಮ ಯಜಮಾನರು ಇಲ್ಲಿಯೇ ಒಂದು ಕಾರ್ಖಾನೆಯ ಅಕೌಂಟ್ಸ್‌ನಲ್ಲಿದ್ದರು. ಆ ಕಾರ್ಖಾನೆ ಮುಚ್ಚಿ, ಆ ಜಾಗದಲ್ಲಿ ಈಗ ಕತ್ತೆತ್ತಿ ನೋಡುವಂಥ ಬಿಲ್ಡಿಂಗುಗಳು ಎದ್ದಿವೆ. ನಾವು ಮಾತ್ರ ಲಿಫ್ಟ್ ಇಲ್ಲದ ನಮ್ಮ ಹಳೆಯ ಬಿಲ್ಡಿಂಗಿನ ಎರಡನೇ ಮಹಡಿಯಲ್ಲೇ ಇದ್ದೇವೆ. ಮಗಳು ಅಳಿಯ ಗೋರೆಗಾಂವ್‌ನಲ್ಲಿ. ನಾನು ಫೋರ್ಟ್‌ನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿ ಅಲ್ಲಿಯೇ ನಿವೃತ್ತಳಾದೆ. ಆ ಆಫೀಸು ನನಗೆ ಪಿಂಚಣಿ ಕೊಟ್ಟಿತು, ಕತ್ತುನೋವು ಕೊಟ್ಟಿತು, ಒಬ್ಬ ಗೆಳತಿಯನ್ನು ಕೊಟ್ಟಿತು. ಗೆಳತಿಯ ಮುಂದೆ ಉಳಿದೆರಡನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅವಳು ಉಡುಪಿ ಕಡೆಯವಳು. ಅವಳ ತಂದೆ ಮಾಟುಂಗಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿದು ವಡಾಲದಲ್ಲಿ ಒಂದು ರೂಮು ಕಿಚನ್ನಿನ ಮನೆ ಮಾಡಿದ್ದರು. ಅವಳು ಮದುವೆಯಾಗಲಿಲ್ಲ. ತಂದೆ ತಾಯಿ ಹೋದ ಮೇಲೂ ಅದೇ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಆಫೀಸಿನಲ್ಲಿ ಡಿಸ್ಪ್ಯಾಚ್ ವಿಭಾಗದವಳು. ಸೇರಿದ ಹೊಸದರಲ್ಲಿ ನನ್ನ ಕನ್ನಡ ಕೇಳಿ ಅವಳು ನಕ್ಕಳು, ಅವಳ ಕನ್ನಡ ಕೇಳಿ ನಾನು ನಕ್ಕೆ. ಅಷ್ಟೇ, ಸ್ನೇಹವಾಯಿತು. ಮಧ್ಯಾಹ್ನ ಅವಳ ಡಬ್ಬಿಯ ನೀರುದೋಸೆ ನನಗೆ, ನನ್ನ ಡಬ್ಬಿಯ ಬಿಸಿಬೇಳೆಬಾತು ಅವಳಿಗೆ.

ಮಿಸ್ಡ್ ಕಾಲ್ ಎಂಬ ಅಮೂಲ್ಯ ಕಲೆಯನ್ನು ನಾವಿಬ್ಬರೂ ಆಗಲೇ ಕಲಿತದ್ದು. ಮೊಬೈಲು ಹೊಸದಾಗಿ ನಮ್ಮಂಥವರ ಕೈಗೆ ಬಂದ ಕಾಲ. ನಿಮಿಷ ಮಾತಾಡಿದರೆ ಜೇಬಿಗೆ ಕತ್ತರಿ. ನಾನು ಸೆಂಟ್ರಲ್ ಲೈನಿನಲ್ಲಿ, ಅವಳು ಹಾರ್ಬರ್ ಲೈನಿನಲ್ಲಿ ಬಂದು ಕೊನೆಯ ಸ್ಟೇಷನ್ನಿನ ಇಂಡಿಕೇಟರ್ ಕೆಳಗೆ ಕೂಡಿಕೊಂಡು ಆಫೀಸಿಗೆ ನಡೆಯುತ್ತಿದ್ದೆವು. ಒಂದು ರಿಂಗ್ ಕೊಟ್ಟರೆ ಮನೆಯಿಂದ ಹೊರಟೆ ಎಂದು ಅರ್ಥ. ಎರಡು ಸಲ ಕೊಟ್ಟರೆ ಇವತ್ತು ಬರುವುದಿಲ್ಲ, ಸಾಹೇಬರಿಗೆ ಹೇಳು ಎಂದು. ಇದಕ್ಕೆ ನಯಾ ಪೈಸೆ ಖರ್ಚಿಲ್ಲ. ನಿಯಮ ಒಂದೇ: ಎತ್ತಬಾರದು. ಎತ್ತಿದರೆ ಕೊಟ್ಟವರ ದುಡ್ಡು ಹೋಯಿತು. ಹೊಸದರಲ್ಲಿ ನಾನು ಒಂದು ದಿನ ಮರೆತು ಎತ್ತಿ ಹಲೋ ಎಂದುಬಿಟ್ಟೆ. ಅವಳು ಇಡೀ ದಿನ ನನ್ನ ಮೇಲೆ ಸಿಡಿಮಿಡಿಗೊಂಡಿದ್ದಳು. ಆವತ್ತಿನಿಂದ ಅವಳ ಹೆಸರು ಪರದೆಯ ಮೇಲೆ ಬಂದರೆ ನನ್ನ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. ದೇವರ ಮಡಿ ಬಟ್ಟೆ ಮುಟ್ಟದೆ ಇರುವ ಹಾಗೆ.

ಮಿಸ್ಡ್ ಕಾಲ್ ಕೊಡುವುದಕ್ಕೂ ಒಂದು ಕ್ರಮವಿದೆ. ಕಿವಿಗೆ ಹಿಡಿಯುವ ಗೊಡವೆ ಬೇಡ. ಗುಂಡಿ ಒತ್ತಿ, ಫೋನನ್ನು ಕೈಯಲ್ಲೇ ಹಿಡಿದು, ಮನಸ್ಸಿನಲ್ಲಿ ನಿಧಾನವಾಗಿ ನಾಲ್ಕು ಎಣಿಸಿ, ಕತ್ತರಿಸಿಬಿಡುವುದು. ಎಣಿಸುವುದು ತಡವಾದರೆ ಆ ಕಡೆಯ ಯಾರಾದರೂ ಎತ್ತಿಬಿಟ್ಟಾರು. ಇದನ್ನು ನಾನು ಎಷ್ಟು ವರ್ಷ ಮಾಡಿದ್ದೇನೆಂದರೆ, ಒಂದು ಕೈಯಲ್ಲಿ ಒಗ್ಗರಣೆ ಹಾಕುತ್ತ ಇನ್ನೊಂದು ಕೈಯಲ್ಲಿ ಮಿಸ್ಡ್ ಕಾಲ್ ಕೊಡಬಲ್ಲೆ.

ನಿವೃತ್ತಿಯಾದ ಮೇಲೆ ಇದೆಲ್ಲ ನಿಂತೇ ಹೋಗಿತ್ತು. ಮತ್ತೆ ಶುರುವಾದದ್ದು ಅವಳು ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ. ಮೊಣಕಾಲಿಗೆ ಏಟಾಗಿ ಏಳಲಾರದೆ ಬಿದ್ದಿದ್ದಳಂತೆ. ಹಾಲು ಹಾಕುವವನು ಬಾಗಿಲು ಬಡಿದು ಬಡಿದು, ಅನುಮಾನ ಬಂದು ಪಕ್ಕದ ಮನೆಯವರನ್ನು ಕರೆದದ್ದಕ್ಕೆ ಉಳಿದಳು. ಸುದ್ದಿ ತಿಳಿದು ನಾನು ಓಡಿದೆ. ಅವಳು ಮಂಚದ ಮೇಲೆ ಪಟ್ಟಿ ಸುತ್ತಿದ ಕಾಲು ಚಾಚಿಕೊಂಡು, ಎಂತ ಇಲ್ಲ, ಸಣ್ಣದು, ಎನ್ನುತ್ತಿದ್ದಳು. ನಾನು ಕಡ್ಡಿ ತುಂಡು ಮಾಡಿದಂತೆ ಹೇಳಿದೆ, ದಿನಾ ಬೆಳಿಗ್ಗೆ ಎದ್ದ ಕೂಡಲೆ ನನಗೊಂದು ಮಿಸ್ಡ್ ಕಾಲ್ ಕೊಡತಕ್ಕದ್ದು, ಬಾರದಿದ್ದರೆ ನಾನು ಮುಂದಿನ ಲೋಕಲ್ ಹತ್ತುತ್ತೇನೆ ಎಂದು.

"ನೀನೂ ಕೊಡ್ಬೇಕು. ಇಲ್ಲಾಂದ್ರೆ ನಾನು ಕೊಡ್ಲಿಕ್ಕಿಲ್ಲ," ಎಂದಳು.

ನನಗೇನು ದಾಡಿ, ನನಗೆ ಮನೆಯಲ್ಲಿ ಗಂಡ ಇದ್ದಾರೆ ಎಂದು ನಕ್ಕೆ. ಆದರೂ ಒಪ್ಪಿದೆ. ಅವಳ ಹಟ ನನಗೆ ಗೊತ್ತಿತ್ತು. ಹಾಗೆ ಪ್ರತಿದಿನ ಬೆಳಿಗ್ಗೆ ನಾನು ಕಾಫಿ ಡಿಕಾಕ್ಷನ್ ಇಳಿಸುವ ಹೊತ್ತಿಗೆ ವಡಾಲದಿಂದ ಒಂದು ರಿಂಗ್ ಬರುತ್ತದೆ, ಭಾಂಡುಪ್‌ನಿಂದ ಒಂದು ರಿಂಗ್ ಹೋಗುತ್ತದೆ. ಅದಾದ ಮೇಲೆ ನಮ್ಮ ನಮ್ಮ ದಿನ. ಮಾತು ಎಲ್ಲ ನಾನು ಅವಳ ಮನೆಗೆ ಹೋದಾಗ. ಅವಳು ಆ ಕಾಲಿನಲ್ಲಿ ಲೋಕಲ್ ಹತ್ತುವುದನ್ನು ಬಿಟ್ಟೇಬಿಟ್ಟಿದ್ದಳು. ಮನೆಯ ಕೆಳಗಿನ ತರಕಾರಿಯವನು, ಮೂಲೆಯ ಔಷಧಿ ಅಂಗಡಿ, ಅಲ್ಲಿಗೆ ಅವಳ ಮುಂಬಯಿ ಮುಗಿಯುತ್ತಿತ್ತು.

ಈಗ ಪ್ಲಾನಿನ ವಿಷಯಕ್ಕೆ ಬರುತ್ತೇನೆ. ಕಳೆದ ಚಳಿಗಾಲದಲ್ಲಿ ನಾನು ಹಾಕಿಸುತ್ತಿದ್ದ ಪ್ಲಾನು ನಿಂತುಹೋಯಿತು. ಅದೇ ಕಂಪನಿಯ ಮುಂದಿನ ಪ್ಲಾನಿಗೆ ಬೆಲೆ ಎತ್ತರ, ಜೊತೆಗೆ ನನಗೆ ಬೇಡದ ಡೇಟಾ. ಮಗಳು ಫೋನು ಮಾಡಿ, "ಅಮ್ಮಾ, ನಾನು ಇಯರ್ಲಿ ಪ್ಲಾನ್ ಹಾಕ್ಸಿ ಬಿಡ್ತೀನಿ ನಾ, ಟೆನ್ಷನ್ ಹೀ ನಹೀ," ಎಂದಳು. ಮಗಳಿಗೆ ನನ್ನ ಮೇಲೆ ಪ್ರೀತಿ ಹೆಚ್ಚು, ಕನ್ನಡ ಸ್ವಲ್ಪ ಕಡಿಮೆ. ನನಗೆ ಪಿಂಚಣಿ ಬರುತ್ತದೆ, ನನ್ನ ಫೋನಿನ ಹೊಟ್ಟೆಯನ್ನು ನಾನೇ ತುಂಬಿಸಿಕೊಳ್ಳುತ್ತೇನೆ ಎಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಕಾಲೇ ಗಿಡ್ಡ ಇರುವವಳಿಗೆ ಉದ್ದದ ಹಾಸಿಗೆ ಮಾರುವವರ ಬಗ್ಗೆ ಅವರು ಏನೂ ಹೇಳಲಿಲ್ಲ, ಅದನ್ನು ನಾವೇ ನೋಡಿಕೊಳ್ಳಬೇಕು.

ನಾನು ಒಂದು ವಾರ ಸಂಶೋಧನೆ ಮಾಡಿದೆ. ಯಜಮಾನರ ಸ್ಮಾರ್ಟ್‌ಫೋನಿನಲ್ಲಿ ಎಲ್ಲ ಕಂಪನಿಗಳ ಪ್ಲಾನುಗಳನ್ನು ತೆಗೆಸಿ ಓದಿದೆ. ಓದಿದಷ್ಟೂ ಗೊಂದಲ. ಒಂದರಲ್ಲಿ ಮಾತು ಅಗ್ಗ, ದಿನ ಕಡಿಮೆ. ಇನ್ನೊಂದರಲ್ಲಿ ದಿನ ಹೆಚ್ಚು, ಕೆಳಗೆ ಇರುವೆಯಂಥ ಅಕ್ಷರದಲ್ಲಿ ಹತ್ತು ಷರತ್ತು. ನಂತರ ಭಾಂಡುಪ್ ಸ್ಟೇಷನ್ ಹೊರಗಿನ ಮೊಬೈಲ್ ಅಂಗಡಿಗೆ ಹೋದೆ. ಕವರು, ಚಾರ್ಜರು, ಮಳೆಗಾಲ ಬಂದರೆ ಛತ್ರಿ, ಎಲ್ಲ ಮಾರುವ ಅಂಗಡಿ. ಅಂಗಡಿಯವನು ಒಳ್ಳೆಯವನು, ನನ್ನಂಥ ಹಳೆಯ ಫೋನಿನವರನ್ನು ಕಂಡು ಮುಖ ಸಿಂಡರಿಸುವವನಲ್ಲ. ಅವನು ಎಲ್ಲಿಯೋ ಒತ್ತಿ ನನ್ನ ನಂಬರಿನ ಬಳಕೆ ತೆಗೆದ. ಹಿಂದಿನ ಒಂದು ತಿಂಗಳಲ್ಲಿ ನಾನು ಮಾಡಿದ ಕರೆ ಎಷ್ಟು ನಿಮಿಷ? ಸೊನ್ನೆ. ಮಗಳು ತಾನೇ ಮಾಡುತ್ತಾಳೆ, ಊರಿನಲ್ಲಿರುವ ನನ್ನ ತಮ್ಮ ತಾನೇ ಮಾಡುತ್ತಾನೆ. ಅವನು ಆ ಸೊನ್ನೆಯನ್ನು ಗಿರಾಕಿಗಳಿಗೆಲ್ಲ ತೋರಿಸುವ ಹಾಗೆ ಪರದೆಯನ್ನು ತಿರುಗಿಸಿದ. ಹೈಸ್ಕೂಲಿನ ಗಣಿತದಲ್ಲಿ ಸೊನ್ನೆ ಬಂದಾಗ ಅತ್ತಿದ್ದೆ, ಈ ಸೊನ್ನೆಗೆ ಮಾತ್ರ ಎದೆಯುಬ್ಬಿಸಿ ನಿಂತೆ.

ಹಾಗಾದರೆ ನಿಮಗೆ ಇದು ಸಾಕು ಎಂದು ಅವನು ಎಲ್ಲದರ ಕೆಳಗಿನ ಒಂದು ಪ್ಲಾನ್ ತೋರಿಸಿದ. ಬರೀ ನಂಬರು ಜೀವಂತ ಇಡುವ ಪ್ಲಾನು. ಬರುವ ಕರೆಗಳು ಬರುತ್ತವೆ. ಹೋಗುವ ಕರೆಗೆ ಬೇರೆ ದುಡ್ಡು ಹಾಕಿಸಿಕೊಳ್ಳಬೇಕು, ಅದು ಸೆಕೆಂಡಿನ ಲೆಕ್ಕದಲ್ಲಿ ಕಡಿತವಾಗುತ್ತದೆ. ಸ್ವಲ್ಪ ಹಾಕಿಡಲೇ ಎಂದು ಅವನು ಎರಡು ಸಲ ಕೇಳಿದ, ಸುಳ್ಳು ಹೇಳಬಾರದು.

"ಮೇರಾ ಔಟ್‌ಗೋಯಿಂಗ್ ಹೈ ಹೀ ನಹೀ, ಭೈಯಾ," ಎಂದೆ ನಾನು, ಗೆದ್ದ ರಾಜನ ಗತ್ತಿನಲ್ಲಿ.

ಮಿಸ್ಡ್ ಕಾಲ್ ಕೂಡ ಹೋಗುವ ಕರೆಯೇ ಎಂಬುದು ನನಗೆ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ಇಷ್ಟು ವರ್ಷ ಕೊಟ್ಟಿದ್ದೇನೆ, ಒಮ್ಮೆಯೂ ಒಂದು ಪೈಸೆ ಕಡಿತವಾಗಿಲ್ಲ. ದುಡ್ಡು ಕಡಿತವಾಗದ್ದು ಯಾವ ಲೆಕ್ಕದಲ್ಲೂ ಬರುವುದಿಲ್ಲ, ಕಂಪನಿಯ ಲೆಕ್ಕದಲ್ಲೂ ಬರಲಿಲ್ಲ, ನನ್ನ ಲೆಕ್ಕದಲ್ಲೂ ಬರಲಿಲ್ಲ. ನನ್ನ ಮಟ್ಟಿಗೆ ಮಿಸ್ಡ್ ಕಾಲ್ ಕರೆಯಲ್ಲ, ಕಿಟಕಿಯಿಂದ ಪಕ್ಕದ ಮನೆಯವರಿಗೆ ಕೈ ಬೀಸುವ ಹಾಗೆ. ಕೈ ಬೀಸಲು ಯಾರು ಬ್ಯಾಲೆನ್ಸ್ ಹಾಕಿಸುತ್ತಾರೆ? ಮನೆಗೆ ಬಂದು ಯಜಮಾನರಿಗೆ ನನ್ನ ಜಾಣತನವನ್ನು ಎರಡು ಸಲ ವರ್ಣಿಸಿದೆ. ಅವರು ಪೇಪರಿನಿಂದ ತಲೆಯೆತ್ತದೆ ಹೂಂಗುಟ್ಟಿದರು.

ಮರುದಿನ ಬೆಳಿಗ್ಗೆ ಡಿಕಾಕ್ಷನ್ ಇಳಿಯುವಾಗ ಅವಳ ರಿಂಗ್ ಬಂತು. ನಾನು ಎಂದಿನಂತೆ ಒತ್ತಿದೆ, ನಾಲ್ಕು ಎಣಿಸಿದೆ, ಕತ್ತರಿಸಿದೆ, ಹಾಲು ಉಕ್ಕುತ್ತಿತ್ತು, ಅತ್ತ ಓಡಿದೆ. ಸ್ನಾನ ಮುಗಿಸಿ ಬಂದು ನೋಡಿದರೆ ಮತ್ತೊಂದು ಮಿಸ್ಡ್ ಕಾಲ್ ಬಿದ್ದಿತ್ತು. ಎರಡು ಸಲ ಅಂದರೆ ಇವತ್ತು ಬರುವುದಿಲ್ಲ, ಸಾಹೇಬರಿಗೆ ಹೇಳು. ಹಳೆಯದು ನೆನಪಾಗಿ ತಮಾಷೆ ಮಾಡುತ್ತಿದ್ದಾಳೆ ಎಂದು ನಗು ಬಂತು. ನಾನೂ ಮತ್ತೊಂದು ಕೊಟ್ಟೆ, ಹೇಳಿದ್ದೇನೆ ಎಂಬ ಅರ್ಥದಲ್ಲಿ.

ಅದರ ಮರುದಿನ ಬೆಳಿಗ್ಗೆ ಅವಳ ರಿಂಗು ನಿಲ್ಲದೆ ಉದ್ದಕ್ಕೆ ಹೊಡೆದುಕೊಂಡಿತು. ನಿಂತು, ಮತ್ತೆ ಹೊಡೆಯಿತು. ಯಜಮಾನರು ಹಾಲ್‌ನಿಂದ, "ಎತ್ತೇ ಅದನ್ನ, ತಲೆ ಚಿಟ್ಟು ಹಿಡೀತು," ಎಂದರು.

"ಎತ್ತಿದ್ರೆ ಅವಳ ದುಡ್ಡು ಹೋಗುತ್ತೆ ಕಣ್ರೀ. ಅವಳದೂ ಸೆಕೆಂಡಿನ ಪ್ಲಾನು," ಎಂದೆ. ಅವಳು ಫೋನನ್ನು ದಿಂಬಿನ ಕೆಳಗೆ ಇಟ್ಟು ಮರೆತು ಮೇಲೆ ಒರಗಿರಬೇಕು, ಗುಂಡಿ ಒತ್ತಿಕೊಂಡಿರಬೇಕು ಎಂದು ನಾನೇ ತೀರ್ಪು ಕೊಟ್ಟೆ. ಅದು ನಿಂತ ಮೇಲೆ ಮರ್ಯಾದೆಯಾಗಿ ನನ್ನದೊಂದು ಮಿಸ್ಡ್ ಕಾಲ್ ಕೊಟ್ಟು, ಅವರೆಕಾಯಿ ಸುಲಿಯಲು ಕೂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಹಾಗಾಗಿತ್ತು. ಬೆಕ್ಕಿಗೆ ತಾನು ಬೆಕ್ಕು ಎಂಬುದೂ ಗೊತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವಳ ರಿಂಗೇ ಬರಲಿಲ್ಲ. ನಾನು ಕೊಟ್ಟೆ, ಉತ್ತರವಿಲ್ಲ. ಇನ್ನೊಂದು ಕೊಟ್ಟೆ. ಯಜಮಾನರಿಗೆ ಒಗ್ಗರಣೆ ಅವಲಕ್ಕಿ ಹಾಕಿಟ್ಟು, ಬೇಗ ಬೇಗ ಅಡುಗೆ ಮುಗಿಸಿ ವಡಾಲಕ್ಕೆ ಹೊರಡುವುದೆಂದು ಸೀರೆ ತೆಗೆದು ಹಾಸಿಗೆಯ ಮೇಲಿಟ್ಟೆ. ಬಚ್ಚಲು, ಬಚ್ಚಲು ಎಂದೇ ತಲೆಯಲ್ಲಿ ಓಡುತ್ತಿತ್ತು. ಆಗ ಬಾಗಿಲ ಗಂಟೆ ಹೊಡೆಯಿತು. ಯಜಮಾನರು ಹೋಗಿ ತೆಗೆದರು. ತೆಗೆದವರು ಬಂದವರನ್ನು ಒಳಗೆ ಕರೆಯುತ್ತಲೂ ಇಲ್ಲ, ಬಾಗಿಲು ಹಾಕುತ್ತಲೂ ಇಲ್ಲ. ಮೊದಲೇ ಆತಂಕದಲ್ಲಿದ್ದ ನನಗೆ ರೇಗಿಹೋಯಿತು. ಅಡುಗೆಮನೆಯಿಂದಲೇ ಕೂಗಿದೆ.

"ಯಾರ್ರೀ ಅದು? ಬಾಗಿಲು ತೆಕ್ಕೊಂಡು ನಿಂತಿದೀರಲ್ಲ, ಸೊಳ್ಳೆ ಎಲ್ಲಾ ಒಳಗೆ ಬರುತ್ತೆ."

ಏನೋ ಧಪ್ಪೆಂದ ಸದ್ದಾಯಿತು. ಸೌಟು ಹಿಡಿದುಕೊಂಡೇ ಹೋಗಿ ನೋಡಿದೆ. ನಮ್ಮ ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡಿನ ಮೇಲೆ ನನ್ನ ಗೆಳತಿ ಕೂತಿದ್ದಳು. ಕೂತಿದ್ದಳು ಎನ್ನುವುದಕ್ಕಿಂತ ಕುಸಿದಿದ್ದಳು. ಚಳಿಗಾಲದ ಬೆಳಿಗ್ಗೆಯಲ್ಲೂ ಹಣೆಯಿಂದ ಬೆವರು ಇಳಿಯುತ್ತಿತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಉಟ್ಟಿದ್ದು ಬಣ್ಣ ಮಾಸಿದ, ಅಂಚಿಲ್ಲದ ಒಂದು ಸೀರೆ. ಅವಳು ನನ್ನನ್ನೇ ನೋಡುತ್ತ ಅಳುತ್ತಿದ್ದಳು. ಯಜಮಾನರು ಪಕ್ಕದಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು.

"ಸೊಳ್ಳೆ ಅಂದೆ ಅಲ್ಲ," ಎಂದಳು. "ಆ ಸ್ವರ ಕೇಳಿದ್ದೇ, ನನ್ನ ಕಾಲು ನಿಲ್ಲಲಿಲ್ಲ ಮಾರಾಯ್ತಿ."

ಅವಳನ್ನು ಒಳಗೆ ಕರೆತಂದು, ಫ್ಯಾನ್ ಹಾಕಿ, ನೀರು ಕೊಟ್ಟೆವು. ನಾನಿನ್ನೂ ಏನೂ ಅರ್ಥವಾಗದೆ, ಬೆಳಿಗ್ಗೆ ಯಾಕೆ ರಿಂಗ್ ಕೊಡಲಿಲ್ಲ, ನನ್ನ ಜೀವ ಹೋಗಿತ್ತು ಎಂದು ಅವಳನ್ನೇ ಗದರಿದೆ. ಅವಳು ಕಣ್ಣೊರೆಸಿಕೊಂಡು ಎದ್ದು ಕೂತಳು. ಅಳು ಹೋಗಿ ಸಿಟ್ಟು ಬಂದಿತ್ತು. ನೀನು ಕೊಡದೆ ಎರಡು ದಿನ ಆಯ್ತು, ನಾನು ಯಾಕೆ ಕೊಡ್ಲಿ, ಬೆಳಿಗ್ಗೆಯೇ ಹೊರಟು ಬಂದೆ ಎಂದಳು. ನಾನು ದಿನಾ ಕೊಟ್ಟಿದ್ದೇನೆ ಎಂದು ನಾನು, ಒಂದೂ ಬರಲಿಲ್ಲ ಎಂದು ಅವಳು. ಬೇಕಾದರೆ ನೋಡು ಎಂದು ಅವಳ ಎದುರಿಗೇ ಫೋನು ತೆಗೆದು ಗುಂಡಿ ಒತ್ತಿ, ನಾಲ್ಕು ಎಣಿಸಿ, ಕತ್ತರಿಸಿ ತೋರಿಸಿದೆ. ಅವಳ ಚೀಲದೊಳಗಿನ ಫೋನು ಮಿಸುಕಲಿಲ್ಲ.

ಯಜಮಾನರು ನನ್ನ ಕೈಯಿಂದ ಫೋನು ಇಸಿದುಕೊಂಡರು. ಮತ್ತೆ ಅದೇ ನಂಬರು ಒತ್ತಿ ನನ್ನ ಕಿವಿಗೆ ಹಿಡಿದರು. ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ, ಮೊದಲು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ, ನಿಮ್ಮ ಖಾತೆಯಲ್ಲಿ ಈ ಕರೆ ಮಾಡುವಷ್ಟು ಹಣವಿಲ್ಲ ಎಂದು ಹೇಳುತ್ತಿದ್ದಳು. ಪಾಪ, ಆಕೆ ಪ್ರತಿ ಬೆಳಿಗ್ಗೆಯೂ ಹೇಳಿದ್ದಿರಬೇಕು. ಹಾಲು, ಕುಕ್ಕರು, ನಾಲ್ಕರವರೆಗಿನ ಎಣಿಕೆ, ಇದರ ನಡುವೆ ಕೇಳುವ ಕಿವಿ ಮಾತ್ರ ಅಲ್ಲಿರಲಿಲ್ಲ. ನಾನು ಸೋಫಾದ ಮೇಲೆ ಕೂತುಬಿಟ್ಟೆ. ಯಜಮಾನರು ನನ್ನನ್ನು ನೋಡಿ, "ಔಟ್‌ಗೋಯಿಂಗ್ ಸೊನ್ನೆ," ಎಂದಷ್ಟೇ ಹೇಳಿ ಕಾಫಿ ಮಾಡಲು ಎದ್ದುಹೋದರು. ನಲವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಅವರು ನನ್ನ ಮೇಲೆ ಗೆದ್ದ ಗಳಿಗೆಗಳು ಕೆಲವೇ, ಇದನ್ನು ಅವರು ಇನ್ನೂ ಅನುಭವಿಸುತ್ತಿದ್ದಾರೆ.

ಕಾಫಿ ಕುಡಿಯುತ್ತ ಅವಳು ತನ್ನ ಕಡೆಯ ಕಥೆ ಹೇಳಿದಳು. ಮೊದಲ ದಿನ ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದುಕೊಂಡಳಂತೆ. ಎರಡನೆಯ ದಿನ, ನಿಯಮ ಮುರಿದು, ಎತ್ತಲಿ ಎಂದೇ ಉದ್ದಕ್ಕೆ ರಿಂಗ್ ಕೊಟ್ಟಳು. ಫೋನು ಹೊಡೆಯುತ್ತಿದೆ, ಯಾರೂ ಎತ್ತುತ್ತಿಲ್ಲ. ಮನೆಯಲ್ಲಿ ಇಬ್ಬರಿದ್ದೂ ಎತ್ತುತ್ತಿಲ್ಲ ಎಂದರೆ ಇಬ್ಬರೂ ಆಸ್ಪತ್ರೆಯಲ್ಲಿರಬೇಕು. ಯಜಮಾನರ ನಂಬರು ಅವಳ ಹತ್ತಿರ ಇರಲಿಲ್ಲ. ಇನ್ನೊಬ್ಬರ ಮನೆಯ ಗಂಡಸರ ನಂಬರು ನನಗೆಂತಕ್ಕೆ ಎಂದು ಅವಳು ಯಾವತ್ತೂ ಕೇಳಿದವಳಲ್ಲ, ನಾನೂ ಕೊಟ್ಟವಳಲ್ಲ. ರಾತ್ರಿಯಿಡೀ ನಿದ್ದೆ ಬರಲಿಲ್ಲವಂತೆ. ಬೆಳಿಗ್ಗೆ ಎದ್ದವಳೇ ಕೋಲು ಹಿಡಿದು ಮೆಟ್ಟಿಲಿಳಿದಳು.

ವಡಾಲದಿಂದ ಭಾಂಡುಪ್‌ಗೆ ಬರುವುದೆಂದರೆ ಕುರ್ಲಾದಲ್ಲಿ ಇಳಿದು, ಸೇತುವೆ ಹತ್ತಿ, ಸೆಂಟ್ರಲ್‌ನ ಪ್ಲಾಟ್‌ಫಾರಂಗೆ ಇಳಿದು, ಬೇರೆ ಲೋಕಲ್ ಹಿಡಿಯಬೇಕು. ಗಟ್ಟಿ ಕಾಲಿನವರನ್ನೇ ಆ ಜನ ಬುಡಸಮೇತ ಎತ್ತಿಕೊಂಡು ಹೋಗುತ್ತದೆ. ಅವಳು ಒಂದೊಂದೇ ಮೆಟ್ಟಿಲು, ಒಂದೇ ಕಾಲು ಮುಂದೆ ಮಾಡಿ ಹತ್ತಿದಳಂತೆ. ಹಿಂದಿನಿಂದ ಬಂದ ಒಬ್ಬ ಮೀನು ಮಾರುವ ಹೆಂಗಸು ತಲೆಯ ಮೇಲಿನ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಇವಳ ತೋಳಿಗೆ ಕೊಟ್ಟು, ಸೇತುವೆಯ ಆ ತುದಿಯವರೆಗೂ ಬಿಟ್ಟು ಹೋದಳು. ಲೇಡೀಸ್ ಡಬ್ಬಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ಕಿವಿಯ ವೈರು ತೆಗೆಯದೆಯೇ ಎದ್ದು ಸೀಟು ಕೊಟ್ಟಳು. ನಾನು ಆ ಇಬ್ಬರನ್ನೂ ನೋಡಿಲ್ಲ, ನೋಡುವುದೂ ಇಲ್ಲ. ಆದರೆ ದೇವರ ಮುಂದೆ ದೀಪ ಹಚ್ಚುವಾಗ ಆ ಮೀನಿನವಳ ಕೈ ನೆನಪಾಗುತ್ತದೆ. ನಮ್ಮ ಮನೆಯ ದೇವರಿಗೆ ಮೀನಿನ ವಾಸನೆ ಅಭ್ಯಾಸವಿಲ್ಲ, ಈಚೆಗೆ ಅವನೂ ರೂಢಿ ಮಾಡಿಕೊಂಡಿದ್ದಾನೆ.

ನಾನು ಅವಳನ್ನು ಕಾಯುತ್ತಿದ್ದೇನೆ ಎಂದೇ ಇಷ್ಟು ದಿನ ತಿಳಿದಿದ್ದೆ. ನನಗೆ ಗಂಡ, ಮಗಳು, ಅಳಿಯ, ಅವಳಿಗೆ ನಾನು. ಉಪಕಾರ ಮಾಡುವವಳ ಒಂದು ಸಣ್ಣ ಠೀವಿ ನನ್ನಲ್ಲಿತ್ತು. ಅವಳು ಅದನ್ನು ಕಂಡೂ ಏನೂ ಹೇಳದೆ, ವಡಾಲದ ಕಿಟಕಿಯ ಪಕ್ಕ ಕೂತು ನನ್ನನ್ನು ದಿನಾ ಕಾಯುತ್ತಿದ್ದಳು. ಇದು ತಿಳಿದಾಗ ನನಗಾದ ಸಂತೋಷಕ್ಕೆ ನಾಚಿಕೆಯೂ ಬೆರೆತಿತ್ತು, ಆದರೆ ಸಂತೋಷವೇ ಹೆಚ್ಚು. ಈ ವಯಸ್ಸಿನಲ್ಲಿ, ಹೊಟ್ಟೆಯಲ್ಲಿ ಹುಟ್ಟಿದವರಲ್ಲದ, ಒಡಹುಟ್ಟಿದವರಲ್ಲದ ಒಬ್ಬರು ನನಗಾಗಿ ಕುರ್ಲಾದ ಸೇತುವೆ ಹತ್ತಿದರು. ಇನ್ನೇನು ಬೇಕು ಒಂದು ಜೀವಕ್ಕೆ?

ಊಟಕ್ಕೆ ಅವರೆಕಾಳಿನ ಹುಳಿ ಇತ್ತು. ಅವಳು ಎಂದಿನಂತೆ ಇದಕ್ಕೆ ತೆಂಗಿನಕಾಯಿ ಸಾಲದು ಎಂದಳು. ನಾನು ಎಂದಿನಂತೆ ನಿಮ್ಮ ಕಡೆ ಪಾಯಸಕ್ಕೂ ಸಾಂಬಾರಿಗೂ ಒಂದೇ ಕಾಯಿ ಹಾಲು ಎಂದೆ. ಊಟವಾದ ಮೇಲೆ ಯಜಮಾನರ ಫೋನು ನಡುವೆ ಇಟ್ಟುಕೊಂಡು ಮೂವರೂ ನನ್ನ ಪ್ಲಾನು ಆರಿಸಲು ಕೂತೆವು. ಆ ಹೊತ್ತಿನಲ್ಲಿ ನನ್ನ ಮನಸ್ಸು ಹೇಗಾಗಿತ್ತೆಂದರೆ, ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ದುಬಾರಿಯ ಅನ್‌ಲಿಮಿಟೆಡ್ ಹಾಕಿಬಿಡಿ ಎಂದೆ. ಯಜಮಾನರ ಬೆರಳು ಒತ್ತಲು ಹೋಯಿತು.

ಅವಳು ಆ ಕೈಯನ್ನು ತಡೆದಳು. "ಹುಚ್ಚು ಹಿಡಿದಿದೆಯಾ? ಒಂದು ರಿಂಗಿಗೆ ಎರಡು ಜಿಬಿ ಎಂತಕ್ಕೆ?"

ಹುಡುಕಿ ಹುಡುಕಿ, ಕೊನೆಗೆ ಒಂದು ಸಿಕ್ಕಿತು. ಡೇಟಾ ಇಲ್ಲ, ಸಿನಿಮಾ ಇಲ್ಲ. ದಿನಗಳು ಸಾಕಷ್ಟು, ಮಾತಿಗೆ ಒಂದು ಸಣ್ಣ ಮೊತ್ತ, ಬಳಸಿದಷ್ಟೇ ಕಡಿತ. ಒಂದು ಪ್ಲೇಟ್ ಇಡ್ಲಿಯೇ. ಯಜಮಾನರು ಹಾಕಿದರು. ಹಾಕಿದ ಮೇಲೆ ಪರೀಕ್ಷೆ ಆಗಬೇಕಲ್ಲ, ನಾನು ಈ ಸಲ ಕಿವಿಗೆ ಹಿಡಿದುಕೊಂಡೇ ಕೊಟ್ಟೆ. ಅವಳ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಅವಳು ತೆಗೆದು, ಪರದೆಯ ಮೇಲಿನ ನನ್ನ ಹೆಸರನ್ನು ನೋಡುತ್ತ ಕೂತಳು. ಎತ್ತಲಿಲ್ಲ. ಆಮೇಲೆ ಯಜಮಾನರ ನಂಬರನ್ನೂ, ಮಗಳ ನಂಬರನ್ನೂ ಅವಳ ಫೋನಿನಲ್ಲಿ ಹಾಕಿಕೊಟ್ಟೆ. ಯಜಮಾನರದ್ದನ್ನು 'ಭಾವ' ಎಂದು ಹಾಕು ಎಂದಳು.

ಸಂಜೆ ಲೋಕಲ್ ಬೇಡವೇ ಬೇಡ ಎಂದು ಯಜಮಾನರು ಟ್ಯಾಕ್ಸಿ ತರಲು ಇಳಿದುಹೋದರು. ಅವಳ ಸೆರಗು ಸರಿಮಾಡುತ್ತ, ಇಷ್ಟು ಒಳ್ಳೆಯ ಸೀರೆಗಳಿದ್ದೂ ಇದೇನು ಈ ಬೂದು ಬಣ್ಣದ್ದು ಉಟ್ಟು ಬಂದೆ ಎಂದು ರೇಗಿಸಿದೆ. ಅವಳು ಬಟ್ಟೆಯ ಚೀಲದೊಳಗೆ ಕೈ ಹಾಕಿ, ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಕಿತ್ತಳೆ ಹಣ್ಣುಗಳು. ಬಂದ ಗಡಿಬಿಡಿಯಲ್ಲಿ ಮರೆತೇ ಹೋಯಿತು ಎಂದಳು. ನಮ್ಮ ಮನೆಗೆ ಬರಲು ಹಣ್ಣು ಬೇರೆ ತರಬೇಕಾ, ನೀನೇನು ಹೊರಗಿನವಳಾ ಎಂದು ಆಕ್ಷೇಪಿಸಿದೆ.

ಅವಳು ಕುರ್ಚಿಯ ತುದಿಯಲ್ಲಿ ಕೂತು, ಕೋಲಿನ ಹಿಡಿಯನ್ನು ನೋಡುತ್ತ ಹೇಳಿದಳು.

"ಸ್ಟೇಷನ್ ಹೊರಗೆ ಹಣ್ಣಿನ ಗಾಡಿ ಹತ್ರ ನಿಂತೆ. ಹುಷಾರಿಲ್ಲದವರ ಮನೆಗೆ ಆದ್ರೆ ಹಣ್ಣು ಹಿಡ್ಕೊಂಡು ಹೋಗ್ಬೇಕು. ಇನ್ನೊಂದಕ್ಕೆ ಆದ್ರೆ ಬರಿಗೈಯಲ್ಲಿ ಹೋಗ್ಬೇಕು. ಸೀರೆ ಉಡುವಾಗಲೂ ಅದೇ ಯೋಚನೆ, ಅದಕ್ಕೇ ಇದನ್ನು ಉಟ್ಟದ್ದು. ಎಂತ ಮಾಡುದು ಗೊತ್ತಾಗ್ಲಿಲ್ಲ. ಗಾಡಿಯವ ಕೇಳಿಯೇ ಕೇಳ್ತಾನೆ, ಮೌಸಿ, ಕ್ಯಾ ದೂಂ, ಕ್ಯಾ ದೂಂ. ಕಡೆಗೆ ಒಂದು ಕಿಲೋ ಕೊಡು ಅಂದೆ. ಹಣ್ಣು ತಗೊಂಡ ಮೇಲೆ ನೀನು ಇರ್ಲೇಬೇಕಲ್ಲ."

ಕೆಳಗೆ ಟ್ಯಾಕ್ಸಿ ಬಂದು ನಿಂತು ಹಾರ್ನ್ ಹೊಡೆಯಿತು. ಸ್ವಲ್ಪ ಕಾಯಲಿ ಎಂದೆ. ಪೊಟ್ಟಣದಿಂದ ಒಂದು ಕಿತ್ತಳೆ ತೆಗೆದು, ಅಲ್ಲೇ ಅವಳ ಪಕ್ಕ ಕೂತು ಸುಲಿದು, ಅವಳು ನೋಡುತ್ತಿರುವಂತೆಯೇ ಒಂದು ತೊಳೆಯನ್ನೂ ಬಿಡದೆ ತಿಂದೆ.